ಎಡಿಎಚ್‌ಡಿ ನೆರವಿನ ಆ್ಯಪ್ (ವಯಸ್ಕರಿಗೆ)

ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎಡಿಎಚ್‌ಡಿ) ಇರುವ ವಯಸ್ಕರಿಗೆ ದಿನದ ಕೆಲಸ ನೆನಪಿಸುವ, ದೊಡ್ಡ ಕೆಲಸವನ್ನು ಚಿಕ್ಕ ಹಂತಗಳಾಗಿ ಬಿಡಿಸಿಕೊಡುವ ಮೊಬೈಲ್ ಸಾಧನ. ಇದು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ, ರೋಗನಿರ್ಣಯ ಮಾನಸಿಕ ಆರೋಗ್ಯ ತಜ್ಞರದೇ ಕೆಲಸ.

ಹಿನ್ನೆಲೆ: ಈ ತೊಂದರೆಯ ಲಕ್ಷಣಗಳು ಬಾಲ್ಯದಲ್ಲೇ ತೋರುತ್ತವೆ, ಹಲವರಲ್ಲಿ ವಯಸ್ಕರಾದ ಮೇಲೂ ಉಳಿಯುತ್ತವೆ. ಮರೆವು, ಕೆಲಸ ಮುಂದೂಡುವುದು, ಸಮಯದ ಅಂದಾಜು ತಪ್ಪುವುದು ಸಾಮಾನ್ಯ. ಇದು ಸೋಮಾರಿತನವಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ.

ಸಮೀಪದ ಮಾದರಿ: ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತ ಆಪ್ತಸಲಹೆ ಸಿಗುತ್ತದೆ. ಸೇವೆ ಕನ್ನಡ, ಮರಾಠಿ ಎರಡರಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. 2024ರಲ್ಲಿ ಇದರ ಆ್ಯಪ್ ಬಂತು. ಈ ಸೇವೆ ಎಡಿಎಚ್‌ಡಿಗೆಂದೇ ಮಾಡಿದ್ದಲ್ಲ, ಒಟ್ಟಾರೆ ಮಾನಸಿಕ ಆರೋಗ್ಯಕ್ಕಾಗಿ ಇರುವಂಥದ್ದು.

ಗಡಿ ಭಾಗದ ತಾಲ್ಲೂಕುಗಳಿಗೆ ವಿನ್ಯಾಸ: ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕನ್ನಡದ ಜೊತೆ ಮರಾಠಿಯೂ ಮನೆಮಾತು. ಕಬ್ಬಿನ ಗದ್ದೆ, ನಿಪ್ಪಾಣಿಯ ತಂಬಾಕು-ಬೀಡಿ, ಅಥಣಿಯ ಚಪ್ಪಲಿ ಕಸುಬು ಇಲ್ಲಿನ ದುಡಿಮೆಗಳು. ಹೀಗಾಗಿ ಆ್ಯಪ್‌ಗೆ ಬೇಕಾದ್ದು:

• ಎರಡೂ ಭಾಷೆಯ ಧ್ವನಿ ಸೂಚನೆ
• ಇಂಟರ್ನೆಟ್ ಇಲ್ಲದಾಗಲೂ, ಅಗ್ಗದ ಫೋನಿನಲ್ಲೂ ನಡೆಯುವ ಗುಣ
• ಒಂದು ಪರದೆಗೆ ಒಂದೇ ಕೆಲಸ
• ಮಾತ್ರೆಯ ವೇಳೆಯ ನೆನಪು
• ಮಾಹಿತಿ ಫೋನಿನಲ್ಲೇ ಉಳಿಯುವ ಗೌಪ್ಯತೆ
• 14416ಕ್ಕೆ ನೇರ ಕರೆಯ ಗುಂಡಿ

ಮೂಲ ಸೌಲಭ್ಯಗಳು ಉಚಿತವಾಗಿರಬೇಕು. ದಿನಗೂಲಿಯವರಿಗೆ ತಿಂಗಳ ಚಂದಾ ಹೊರೆಯೇ.