ಹರಿಗೋಲಿನ ಹಾದಿಯ ಊರುಗಳು: ರಾಣೆಬೆನ್ನೂರು ಸೀಮೆಯ ತುಂಗಭದ್ರಾ ದಂಡೆ

ಹಾವೇರಿ ಜಿಲ್ಲೆಯ ಮೂಡಣ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ದಂಡೆಯ ಊರುಗಳು ಇಂದು ಚಿಕ್ಕವು, ಅವುಗಳ ಗುಡಿಗಳು ಮಾತ್ರ ದೊಡ್ಡವು. ಈ ಅಂತರದ ಕಾರಣ ತಿಳಿಯಬೇಕಾದರೆ ಸೇತುವೆಗಳಿಲ್ಲದ ಕಾಲದಲ್ಲಿ ಜನ ನದಿಯನ್ನು ಹೇಗೆ ದಾಟುತ್ತಿದ್ದರೆಂಬುದನ್ನು ಮೊದಲು ನೆನೆಯಬೇಕು. ಮಳೆಗಾಲದಲ್ಲಿ ಮಲೆನಾಡಿನ ನೀರು ಹೊತ್ತು ತುಂಬಿ ಬರುವ ಹೊಳೆಗೆ ಹರಿಗೋಲೇ, ಅಂದರೆ ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡು ದೋಣಿಯೇ, ದಾರಿಯಾಗಿತ್ತು. ಅದನ್ನು ನಡೆಸುವ ಅಂಬಿಗನು ಎರಡು ನಾಡುಗಳನ್ನು ಕೂಡಿಸುವವನಾಗಿದ್ದನು.

ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಈ ದಂಡೆಯನ್ನು ಆಳಿದವರು ಗುತ್ತರು. ಇವರು ಕಲ್ಯಾಣದ ಚಾಲುಕ್ಯರಿಗೂ ಆ ಬಳಿಕ ಸೇವುಣರಿಗೂ ಅಧೀನರಾಗಿದ್ದ ಸಾಮಂತರಾಗಿದ್ದರೂ, ಶಾಸನಗಳಲ್ಲಿ ತಮ್ಮನ್ನು ಉಜ್ಜಯಿನೀಪುರವರಾಧೀಶ್ವರರೆಂದು ಕರೆದುಕೊಂಡು ಗುಪ್ತರ ವಂಶಕ್ಕೆ ತಮ್ಮ ಬೇರನ್ನು ಜೋಡಿಸಿದರು. ಅವರ ರಾಜಧಾನಿ ಗುತ್ತವೊಳಲೇ ಇಂದಿನ ಗುತ್ತಲ. ಹೆಸರಿನ ಕೊನೆಯಲ್ಲಿರುವ ‘ವೊಳಲು’ ಪಟ್ಟಣವೆಂಬ ಅರ್ಥದ ಹಳಗನ್ನಡದ ‘ಪೊಳಲ್’.

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಗುತ್ತರ ಕಾಲದ ಅತ್ಯುತ್ತಮ ಸಾಕ್ಷಿ. ಆಗ ಮುಕ್ತಿಕ್ಷೇತ್ರವೆನಿಸಿದ್ದ ಇಲ್ಲಿ, ಹೊಳೆಯ ದಂಡೆಯ ಮೇಲಿರುವ ಏಕಗರ್ಭಗುಡಿಯ ಮುಕ್ತೇಶ್ವರ ದೇವಾಲಯವು ಅಲಂಕಾರದ ಸೂಕ್ಷ್ಮತೆಯಲ್ಲಿ ಚಾಲುಕ್ಯ ಶೈಲಿಯ ಹೆಸರಾಂತ ಕಟ್ಟಡಗಳಿಗೆ ಸಾಟಿಯಾಗಿ ನಿಲ್ಲುತ್ತದೆ. ಇಲ್ಲಿನ ಶಾಸನಗಳು ದೇವಾಲಯಕ್ಕೆ ಬಿಟ್ಟ ದತ್ತಿಗಳನ್ನು ದಾಖಲಿಸುವುದರ ಜೊತೆಗೆ, ಲಾಕುಳ ಶೈವ ಪಂಥದ ಮುಕ್ತಜೀಯರನ್ನೂ 1225ರಲ್ಲಿ ಈ ಕ್ಷೇತ್ರಕ್ಕೆ ಬಂದು ನೆಲೆಸಿದ ವೀರಶೈವ ಯತಿ ಶಿವದೇವರನ್ನೂ ನೆನೆಯುವುದರಿಂದ, ಎರಡು ಧಾರೆಗಳು ಒಂದೇ ಅಂಗಳದಲ್ಲಿ ಬಾಳಿದ್ದನ್ನು ತೋರಿಸುತ್ತವೆ. ಆದರೆ ಊರಿಗೆ ಉಳಿದ ಹೆಸರು ಅರಸನದೂ ಅಲ್ಲ, ಯತಿಯದೂ ಅಲ್ಲ; ಅದು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರದು. ವಚನಕಾರರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿರಿಸಿಕೊಂಡರೆ ಚೌಡಯ್ಯನವರು ತಮ್ಮ ಹೆಸರನ್ನೇ, ತಮ್ಮ ಕಾಯಕದ ಸಮೇತ, ಅಂಕಿತವಾಗಿಸಿದರು. ಅರಸನು ಈ ಊರನ್ನು ಅವರಿಗೆ ದಾನವಾಗಿ ಕೊಟ್ಟನೆಂಬುದು ಐತಿಹ್ಯ. ಹುಟ್ಟು ಹಾಕಿದ ಕೈಗೆ ನಾಡು ಸಲ್ಲಿಸಿದ ಗೌರವ ಇದಕ್ಕಿಂತ ದೊಡ್ಡದು ಇನ್ನೊಂದಿರಲಾರದು.

ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಗಳಗೇಶ್ವರನ ಗುಡಿಯ ಬುಡವನ್ನು ಇಳಿಜಾರಾಗಿ, ಬಹಳ ದಪ್ಪವಾಗಿ ಕಟ್ಟಲಾಗಿದ್ದು, ನೆರೆಯನ್ನು ಕಂಡುಂಡ ಶಿಲ್ಪಿಗಳ ಎಚ್ಚರ ಅದರಲ್ಲಿದೆ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ‘ಗಳಗನಾಥ’ರೆಂದೇ ಪ್ರಸಿದ್ಧರಾದುದು ಈ ಊರಿನ ಹೆಸರಿನಿಂದ.

ಹೊಳೆ ದಾಟುವ ಕಷ್ಟ ಹತ್ತೊಂಬತ್ತನೆಯ ಶತಮಾನದವರೆಗೂ ಹಾಗೆಯೇ ಉಳಿದಿತ್ತು. ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು 1800ರ ಜೂನ್‌ನಲ್ಲಿ ತುಂಬಿದ ಹೊಳೆಯನ್ನು ಹರಿಹರದ ಬಳಿ ದಾಟಿದ ಮೇಲೆಯೇ ಐರಣಿ, ರಾಣೆಬೆನ್ನೂರುಗಳನ್ನು ಹಿಡಿಯಲು ಸಾಧ್ಯವಾಯಿತು. ಅದೇ ಹರಿಹರದಲ್ಲಿ 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಪೂರ್ಣಗೊಂಡು, 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಬಂದಾಗ ದಾರಿಯೇ ಬದಲಾಯಿತು. ರೈಲು ಬಂದರೆ ದೋಣಿಗಟ್ಟದ ಊರು ಕುಗ್ಗಲೇಬೇಕೆಂದೇನಿಲ್ಲ; ಸ್ಕಾಟ್ಲೆಂಡಿನ ಪೂರ್ವ ಲೋಥಿಯನ್ ಕರಾವಳಿಯ ನಾರ್ತ್ ಬೆರಿಕ್ ಕೂಡ ಯಾತ್ರಿಕರ ದೋಣಿಗಟ್ಟವಾಗಿ ಬೆಳೆದ ಹಳೆಯ ಪಟ್ಟಣ. ಅಲ್ಲಿಗೆ ರೈಲು ನೇರವಾಗಿ ಬಂದುದರಿಂದ ಅದು ಗಾಲ್ಫ್ ಆಟದ, ಪ್ರವಾಸಿಗರ ಊರಾಗಿ ಮರುಹುಟ್ಟು ಪಡೆಯಿತು. ಆದರೆ ಇಲ್ಲಿ ರೈಲು ತುಂಗಭದ್ರೆಯ ದಂಡೆಯನ್ನು ಬಿಟ್ಟು ಒಳನಾಡಿನಲ್ಲಿ ಸಾಗಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಹತ್ತಿ, ಮೆಣಸಿನಕಾಯಿಗಳ ಪೇಟೆಗಳಾಗಿ ಬೆಳೆದವು. ಗುತ್ತವೊಳಲು ಗುತ್ತಲವಾಗಿ ಉಳಿಯಿತು, ಮುಕ್ತೇಶ್ವರನ ಎದುರಿನ ಕಡವಿನಲ್ಲಿ ಹರಿಗೋಲುಗಳು ವಿರಳವಾದವು.