ಅರ್ಬುದದ ರೂಪವೂ ಕ್ರಿಯೆಯೂ

ಅರ್ಬುದವ್ಯಾಧಿಯ ನಿರೂಪಣೆಯು ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಬಂದಿರುವುದು. ದುಂಡಾಗಿರುವಿಕೆ, ಕದಲದಿರುವಿಕೆ, ಬೇರು ಆಳಕ್ಕಿಳಿದಿರುವಿಕೆ, ಮೆಲ್ಲನೆ ಬೆಳೆಯುವಿಕೆ, ಪಕ್ವವಾಗದಿರುವಿಕೆ ಎಂಬಿವು ಅಲ್ಲಿ ಉಕ್ತವಾದ ಲಕ್ಷಣಗಳು. ಇವುಗಳಲ್ಲಿ ಹೆಚ್ಚಿನವು ಕಣ್ಣಿಗೂ ಕೈಗೂ ಗೋಚರವಾಗತಕ್ಕ ರೂಪಧರ್ಮಗಳು. ಕೋಟ, ಸಾಲಿಗ್ರಾಮ, ಬ್ರಹ್ಮಾವರಗಳ ಜನರು ‘ಗಡ್ಡೆ’ ಎನ್ನುವಾಗಲೂ ರೂಪವೇ ಮುಂದಾಗಿ ನಿಲ್ಲುವುದು. ಆದರೆ ಚಿಕಿತ್ಸೆಯು ಆರಂಭವಾದ ಮೇಲೆ ರೋಗಿಯ ಮನೆಯವರು ಕೇಳುವ ಪ್ರಶ್ನೆಯೇ ಬೇರೆ. ಔಷಧವು ನಾಟಿತೇ? ಗಡ್ಡೆಯ ಜೀವ ಕುಂದಿತೇ? ಸತ್ತ ಗಡ್ಡೆಯೂ ಕೆಲವು ಕಾಲ ಗಾತ್ರದಲ್ಲಿ ಕುಗ್ಗದೆ ಉಳಿಯಬಹುದಾದುದರಿಂದ, ರೂಪವನ್ನು ಅಳೆದು ಇದಕ್ಕೆ ಉತ್ತರ ಹೇಳಲಾಗದು, ಕ್ರಿಯೆಯನ್ನೇ ಅಳೆಯಬೇಕು.

ಕ್ರಿಯೆಯೆಂದರೇನೆಂಬುದನ್ನು ಪ್ರಾಚೀನರು ಸೂಕ್ಷ್ಮವಾಗಿ ವಿಚಾರಿಸಿರುವರು. ಯಾಸ್ಕನ ಮತದಲ್ಲಿ ಕ್ರಿಯಾಪದವು ಹೇಳುವ ಅರ್ಥವು ಹಿಂದುಮುಂದುಗಳ ಕ್ರಮವುಳ್ಳದ್ದು. ಕ್ರಿಯೆಯನ್ನು ಪಿಂಡವಾಗಿ ಎತ್ತಿ ತೋರಿಸಲಾಗದು, ಅನುಮಾನದಿಂದಲೇ ಅರಿಯಬೇಕು ಎಂಬುದು ಮಹಾಭಾಷ್ಯಕಾರನಾದ ಪತಂಜಲಿಯ ಅಭಿಪ್ರಾಯ. ಒಲೆ ಹೊತ್ತಿಸುವುದು ಮೊದಲಾಗಿ ಅನ್ನವನ್ನು ಇಳಿಸುವವರೆಗಿನ ವ್ಯಾಪಾರವೆಲ್ಲ ಕೂಡಿ ಪಾಕವೆನಿಸುವುದು. ನಡುವಿನ ಒಂದು ಕ್ಷಣವನ್ನು ಮಾತ್ರ ನೋಡಿದವನಿಗೆ ಪಾತ್ರೆ ಕಾಣುವುದು, ಪಾಕವು ಕಾಣದು. ಪಾಸಿಟ್ರಾನ್ ಚಿತ್ರಣದ ಇತಿಹಾಸಕ್ಕೆ ಈ ಮಾತು ಚೆನ್ನಾಗಿ ಅನ್ವಯಿಸುವುದು.

ಅರ್ಬುದದ ಕ್ರಿಯೆಯನ್ನು ಮೊದಲು ಅಳೆದವರಲ್ಲಿ ಪ್ರಮುಖನು ಜರ್ಮನಿಯ ಆಟೋ ವಾರ್ಬರ್ಗನು. ಅರ್ಬುದದ ಜೀವಕೋಶಗಳು ಆಮ್ಲಜನಕವಿದ್ದರೂ ಗ್ಲೂಕೋಸನ್ನು ಬಹಳವಾಗಿ ವ್ಯಯಮಾಡಿ ಲ್ಯಾಕ್ಟಿಕ್ ಆಮ್ಲವನ್ನಾಗಿ ಪರಿವರ್ತಿಸುವುವೆಂದು ಆತನು 1920ರ ದಶಕದಲ್ಲಿ ತೋರಿಸಿದನು. ಆತನಿಗೆ 1931ರಲ್ಲಿ ಬಂದ ನೊಬೆಲ್ ಪಾರಿತೋಷಕವು ಇದಕ್ಕಾಗಿಯೆಂದು ಕೆಲವರು ಭಾವಿಸುವುದುಂಟು. ಅದು ಉಸಿರಾಟದ ಕಿಣ್ವದ ಸಂಶೋಧನೆಗೆ ಸಂದದ್ದು. ಆತನ ಅಳತೆಗಳು ಶರೀರದಿಂದ ತೆಗೆದ ಅಂಗಾಂಶದ ಚೂರುಗಳಲ್ಲಿ ನಡೆದವು. ಬದುಕಿರುವ ಮನುಷ್ಯನೊಳಗೆ ಅಳೆಯಬೇಕಾದರೆ ಗ್ಲೂಕೋಸಿನ ಜಾಡನ್ನು ಹೊರಗಿನಿಂದಲೇ ಹಿಡಿಯಬೇಕಾಗಿತ್ತು.

ಜಾಡು ಹಿಡಿಯುವ ಮಾರ್ಗವನ್ನು 1923ರಲ್ಲಿ ಹೆವೆಸಿಯು ತೋರಿಸಿಕೊಟ್ಟನು. ವಿಕಿರಣಶೀಲವಾದ ಸೀಸವನ್ನು ಅವರೆಯ ಜಾತಿಯ ಗಿಡಗಳಿಗೆ ಕೊಟ್ಟು ಅದರ ಸಂಚಾರವನ್ನು ಗುರುತಿಸಿದನು. 1932ರಲ್ಲಿ ಆಂಡರ್ಸನನು ಪಾಸಿಟ್ರಾನ್ ಎಂಬ ಕಣವನ್ನು ಕಂಡುಹಿಡಿದನು. ಈ ಕಣವು ಇಲೆಕ್ಟ್ರಾನನ್ನು ಸಂಧಿಸಿ ಲಯವಾದಾಗ ಎರಡು ಗಾಮಾ ಕಿರಣಗಳು ಬಹುಮಟ್ಟಿಗೆ ವಿರುದ್ಧ ದಿಕ್ಕುಗಳಿಗೆ ಹೊರಡುವುವು. ಎರಡನ್ನೂ ಒಮ್ಮೆಗೇ ಹಿಡಿದರೆ, ಅವು ಹುಟ್ಟಿದ ಸ್ಥಳವು ಯಾವ ರೇಖೆಯ ಮೇಲಿದೆಯೆಂಬುದು ತಿಳಿಯುವುದು. ಇಂತಹ ಅಸಂಖ್ಯ ರೇಖೆಗಳಿಂದ ಚಿತ್ರವನ್ನು ರಚಿಸುವ ಯಂತ್ರವನ್ನು 1975ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಟೆರ್-ಪೊಗೋಸಿಯನ್, ಫೆಲ್ಪ್ಸ್, ಹಾಫ್‌ಮನ್ ಮೊದಲಾದವರು ಪ್ರಕಟಪಡಿಸಿದರು. 1976ರಲ್ಲಿ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ಫ್ಲೋರೀನ್-18 ಸೇರಿದ ಗ್ಲೂಕೋಸಿನ ಪ್ರತಿರೂಪವು ಸಿದ್ಧವಾಯಿತು. ಅದನ್ನು ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಒಯ್ದು ಮೊದಲ ಬಾರಿ ಮನುಷ್ಯರಿಗೆ ಕೊಟ್ಟರು. ಈ ವಸ್ತುವು ಗ್ಲೂಕೋಸಿನಂತೆಯೇ ಜೀವಕೋಶವನ್ನು ಹೊಕ್ಕು ಮೊದಲ ಪರಿವರ್ತನೆಯನ್ನು ಹೊಂದುವುದು. ಮುಂದಿನ ಹೆಜ್ಜೆಗೆ ಸಾಗಲಾರದೆ ಬಹುಪಾಲು ಅಲ್ಲಿಯೇ ಸಿಕ್ಕಿಕೊಳ್ಳುವುದು.

ಇದನ್ನು ಎಣಿಸುವ ಕ್ರಮಗಳು ಎರಡು. ಸೂಜಿಮದ್ದು ಕೊಟ್ಟು ಸುಮಾರು ಒಂದು ಗಂಟೆಯ ಬಳಿಕ ಒಮ್ಮೆ ಚಿತ್ರವನ್ನು ತೆಗೆದು, ಕೊಟ್ಟ ಪ್ರಮಾಣಕ್ಕೂ ರೋಗಿಯ ತೂಕಕ್ಕೂ ಹೊಂದಿಸಿ ಒಂದು ಅಂಕವನ್ನು ಹೇಳುವುದು ಮೊದಲನೆಯದು. ಆ ಅಂಕವು ಕಾದ ಕಾಲದಿಂದಲೂ ರಕ್ತದ ಸಕ್ಕರೆಯಿಂದಲೂ ಬದಲಾಗುವುದು. ಗತಿಶೀಲ ಚಿತ್ರಣವೆಂಬುದು ಎರಡನೆಯದು. ಮದ್ದು ರಕ್ತಕ್ಕೆ ಸೇರಿದ ಕ್ಷಣದಿಂದಲೇ, ಮೊದಲು ಸೆಕೆಂಡುಗಳ, ಅನಂತರ ನಿಮಿಷಗಳ ಅಂತರದಲ್ಲಿ, ಸುಮಾರು ಒಂದು ಗಂಟೆಯವರೆಗೆ ಚಿತ್ರಗಳನ್ನು ತೆಗೆಯುತ್ತ, ರಕ್ತದಲ್ಲಿ ಅದು ಇಳಿಯುವುದನ್ನೂ ಗಡ್ಡೆಯಲ್ಲಿ ಏರುವುದನ್ನೂ ಜೊತೆಯಾಗಿ ಗುರುತಿಸುವರು. 1983ರಲ್ಲಿ ಪಟ್ಲಾಕ್ ಮೊದಲಾದವರು ಕೊಟ್ಟ ಗಣಿತದಂತೆ ಇವೆರಡನ್ನೂ ಹೊಂದಿಸಿದರೆ ಒಂದು ಸರಳರೇಖೆ ಬರುವುದು. ಅದರ ಓಟವೇ ಗಡ್ಡೆಯು ಆ ವಸ್ತುವನ್ನು ಸೆಳೆದು ಹಿಡಿದಿಡುವ ವೇಗ. ಮೊದಲನೆಯದು ಪಿಂಡವನ್ನು ತೋರಿಸುವುದು. ಎರಡನೆಯದು ಹಿಂದುಮುಂದುಗಳಿಂದ ಕ್ರಿಯೆಯನ್ನು ಅನುಮಾನಿಸುವುದು.

ಹೀಗಿದ್ದರೂ ಆಸ್ಪತ್ರೆಗಳಲ್ಲಿ ನೆಲೆಗೊಂಡದ್ದು ಮೊದಲನೆಯ ಕ್ರಮವೇ. ಕಾರಣವು ಶಾಸ್ತ್ರಕ್ಕಿಂತ ಮಿಗಿಲಾಗಿ ಕಾಲದ ಮಿತವ್ಯಯ. ಒಬ್ಬ ರೋಗಿಯು ಯಂತ್ರವನ್ನು ಒಂದು ಗಂಟೆ ಹಿಡಿದರೆ ಉಳಿದವರು ಕಾಯಬೇಕು. ಸಾಮಾನ್ಯ ಯಂತ್ರವು ಒಮ್ಮೆಗೆ ಶರೀರದ ಒಂದು ಭಾಗವನ್ನು ಮಾತ್ರ ನೋಡಬಲ್ಲುದು. ಇದಲ್ಲದೆ ಫ್ಲೋರೀನ್-18ರ ಅರ್ಧಾಯುಸ್ಸು ಸುಮಾರು 110 ನಿಮಿಷ ಮಾತ್ರ. ಬೆಂಗಳೂರಿನಿಂದ ಕೋಟಕ್ಕೆ ಸುಮಾರು 400 ಕಿಲೋಮೀಟರು. ಎಂಟು ಗಂಟೆಯ ದಾರಿಯೆಂದು ಎಣಿಸಿದರೆ, ಅಲ್ಲಿಂದ ಹೊರಟ ಮದ್ದಿನ ಶಕ್ತಿಯಲ್ಲಿ ಇಪ್ಪತ್ತರಲ್ಲೊಂದು ಪಾಲಷ್ಟೇ ಇಲ್ಲಿಗೆ ಮುಟ್ಟುವುದು. ಆದುದರಿಂದ ಮದ್ದನ್ನು ತಯಾರಿಸುವ ಸೈಕ್ಲೋಟ್ರಾನಿನ ದೂರವೂ ಚಿಕಿತ್ಸೆಯ ಇತಿಹಾಸದಲ್ಲಿ ಸೇರಿದ ವಿಷಯವೇ.

ಭಾರತದಲ್ಲಿ ಈ ವಿದ್ಯೆಯು 2002ರಲ್ಲಿ ಮುಂಬಯಿಯ ಪರೇಲಿನ ವಿಕಿರಣ ವೈದ್ಯಕೇಂದ್ರದಲ್ಲಿ ಸೈಕ್ಲೋಟ್ರಾನಿನೊಡನೆ ಆರಂಭವಾಯಿತು. ಅದೇ ಪರೇಲಿನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆದಿತ್ತು. ಹೋಟೆಲು, ವ್ಯಾಪಾರಗಳ ನಿಮಿತ್ತ ಮುಂಬಯಿಯ ಬಳಕೆಯುಳ್ಳ ಕರಾವಳಿಯವರಿಗೆ ಆ ದಾರಿ ಅಪರಿಚಿತವಲ್ಲ. ಕೋಟಕ್ಕೆ ಸುಮಾರು 30 ಕಿಲೋಮೀಟರು ದೂರದ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ದೊಡ್ಡ ಆಸ್ಪತ್ರೆಯೂ ಸಮೀಪಕ್ಕೆ ಬಂದಿತು.

ಗತಿಶೀಲ ಕ್ರಮವೂ ಎಲ್ಲ ಸಂದೇಹಗಳನ್ನು ಪರಿಹರಿಸಲಾರದು. ಕ್ಷಯದ ಗಂಟು, ಸೋಂಕಿನ ಊತಗಳೂ ಗ್ಲೂಕೋಸನ್ನು ಸೆಳೆಯುವುವು. ಆದರೂ ಹಳೆಯ ಅಡಚಣೆಯೊಂದು ಸಡಿಲವಾಗಿದೆ. 2018ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯದವರು ಸುಮಾರು 194 ಸೆಂಟಿಮೀಟರು ಉದ್ದದ ಯಂತ್ರದಿಂದ ಇಡೀ ಶರೀರವನ್ನು ಒಮ್ಮೆಗೇ ಚಿತ್ರಿಸಿದರು. ಅಂತಹ ಯಂತ್ರವು ದೊರೆಯದ ಊರುಗಳಲ್ಲಿ ಕನಿಷ್ಠ ಪಕ್ಷ ಕಾದ ನಿಮಿಷಗಳನ್ನೂ ರಕ್ತದ ಸಕ್ಕರೆಯನ್ನೂ ಬರೆದಿಟ್ಟು, ಚಿಕಿತ್ಸೆಗೆ ಮುಂಚಿನ ಮತ್ತು ಅನಂತರದ ಚಿತ್ರಗಳನ್ನು ಒಂದೇ ಯಂತ್ರದಲ್ಲಿ, ಒಂದೇ ಅವಧಿಗೆ ತೆಗೆಯತಕ್ಕದ್ದು. ಇಲ್ಲದಿದ್ದಲ್ಲಿ, ಗಡ್ಡೆಯ ಜೀವ ಕುಂದಿತೇ ಎಂಬ ಪ್ರಶ್ನೆಗೆ ಆ ಎರಡು ಅಂಕಗಳ ವ್ಯತ್ಯಾಸವು ಉತ್ತರವಾಗಲಾರದು.