ವಾರ್ಫರಿನ್ ಔಷಧದ ಗುಣದೋಷಗಳ ಏಕಮೂಲತೆ

1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಸೀಮೆಗಳಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವನ್ನು ತಿಂದ ದನಗಳು, ಕೊಂಬು ಕೊಯ್ದ ಅಲ್ಪ ಗಾಯದಿಂದಲೂ ರಕ್ತಸ್ರಾವ ನಿಲ್ಲದೆ ಸಾಯತೊಡಗಿದುವು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ರೈತನೊಬ್ಬನು ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ, ಕೆಟ್ಟ ಮೇವಿನ ಹೊರೆಯನ್ನೂ ಹೇರಿಕೊಂಡು ಮ್ಯಾಡಿಸನ್ ನಗರದಲ್ಲಿದ್ದ ಜೀವರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಶಾಲೆಗೆ ತಂದುದು ಆ ಮೇವಿನಲ್ಲಿದ್ದ ಡೈಕುಮರಾಲ್ ಎಂಬ ದ್ರವ್ಯದ ಶೋಧನೆಗೆ ಪ್ರೇರಕವಾಯಿತು. ಅದರ ಸಜಾತೀಯವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಗಿ ಅಂಗೀಕೃತವಾಯಿತು. ಇಲಿಯನ್ನು ಕೊಲ್ಲುವ ಕ್ರಿಯೆಯೂ ರೋಗಿಯನ್ನು ಕಾಯುವ ಕ್ರಿಯೆಯೂ ಒಂದೇ ಆಗಿರುವುದರಿಂದ, ಇದರ ಪ್ರಧಾನ ದೋಷಗಳನ್ನು ಗುಣದಿಂದ ಬೇರ್ಪಡಿಸಿ ವಿವೇಚಿಸಲಾಗದೆಂಬುದೇ ಈ ಲೇಖನದ ಪ್ರತಿಪಾದ್ಯ.

ಯಕೃತ್ತಿನಲ್ಲಿ ಪ್ರೋಥ್ರಾಂಬಿನ್ ಮೊದಲಾದ ನಾಲ್ಕು ಸ್ಕಂದನ (ಹೆಪ್ಪುಗಟ್ಟಿಸುವ) ಘಟಕಗಳು ಕಾರ್ಯಕ್ಷಮವಾಗಬೇಕಾದರೆ ವಿಟಮಿನ್ ಕೆ ಮತ್ತೆ ಮತ್ತೆ ಪುನರುಜ್ಜೀವಿತವಾಗಬೇಕು. ವಾರ್ಫರಿನ್ ಈ ಪುನರುಜ್ಜೀವನವನ್ನೇ ತಡೆಯುವುದು. ತಡೆಯು ಮಿತಿಯಲ್ಲಿದ್ದರೆ ಕೃತಕ ಹೃದಯಕವಾಟದ ಮೇಲೆ ಹೆಪ್ಪು ಕೂರದು. ಮಿತಿ ಮೀರಿದರೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರುವುದು, ಮೂತ್ರವು ಕೆಂಪಾಗುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ಮತ್ತು ಎಲ್ಲಕ್ಕಿಂತ ಭಯಂಕರವಾಗಿ, ಹಠಾತ್ ತಲೆನೋವು, ವಾಂತಿ, ತೊದಲುಮಾತುಗಳೊಡನೆ ಮೆದುಳಿನಲ್ಲಿ ರಕ್ತಸ್ರಾವವಾಗುವುದು.

ಇದಕ್ಕೆ ವಿಪರೀತವೆಂಬಂತೆ ತೋರುವ ಇನ್ನೊಂದು ದೋಷವೂ ಇದೇ ಮೂಲದಿಂದ ಹುಟ್ಟಿದುದಾಗಿದೆ. ಹೆಪ್ಪನ್ನು ನಿಗ್ರಹಿಸುವ ಪ್ರೋಟೀನ್ ಸಿ ಎಂಬುದೂ ವಿಟಮಿನ್ ಕೆಯನ್ನೇ ಆಶ್ರಯಿಸಿರುವುದರಿಂದಲೂ, ಅದರ ಅರ್ಧಾಯುಷ್ಯ ಸುಮಾರು 8 ಗಂಟೆಗಳಷ್ಟೇ ಆಗಿ, ಪ್ರೋಥ್ರಾಂಬಿನ್ನಿನದು 60 ಗಂಟೆಗಳಿಗೂ ಮೀರಿರುವುದರಿಂದಲೂ, ಚಿಕಿತ್ಸೆಯ ಆದಿಯಲ್ಲಿ ನಿಗ್ರಹಶಕ್ತಿಯೇ ಮೊದಲು ಕುಗ್ಗಿ, ಅಪರೂಪಕ್ಕೆ ತೊಡೆ, ಸ್ತನ ಮುಂತಾದ ಕೊಬ್ಬಿನ ಭಾಗಗಳ ಸೂಕ್ಷ್ಮ ನಾಳಗಳಲ್ಲಿ ಹೆಪ್ಪುಗಟ್ಟಿ ಚರ್ಮವು ಕಪ್ಪಾಗಿ ಸಾಯುವುದುಂಟು. ತುರ್ತು ಪ್ರಸಂಗಗಳಲ್ಲಿ ಮೊದಲ ಕೆಲವು ದಿನ ಹೆಪ್ಪನ್ನು ತಡೆಯುವ ಇನ್ನೊಂದು ಔಷಧವಾದ ಹೆಪಾರಿನ್ ಜೊತೆಗೂಡಿಸುವುದರ ಔಚಿತ್ಯವು ಇಲ್ಲಿದೆ. ಇವಲ್ಲದೆ, ಗರ್ಭದ 6ರಿಂದ 12ನೆಯ ವಾರದೊಳಗೆ ವಾರ್ಫರಿನ್ ಸೇವಿಸಿದರೆ ಶಿಶುವಿನ ಮೂಗು ಮತ್ತು ಎಲುಬುಗಳ ಬೆಳವಣಿಗೆ ಕುಂಠಿತವಾಗಬಹುದು.

ಮಿತಿಯನ್ನು ಕದಲಿಸುವ ಕಾರಣಗಳು ಬಹುಮಟ್ಟಿಗೆ ನಿತ್ಯಜೀವನದವು. ನುಗ್ಗೆಸೊಪ್ಪು, ದಂಟಿನಸೊಪ್ಪು, ಪಾಲಕ್‌ಗಳನ್ನು ಒಮ್ಮೆಲೇ ಹೆಚ್ಚಿಸಿದರೆ ಔಷಧದ ಬಲ ಕುಗ್ಗುವುದು, ಬಿಟ್ಟರೆ ಏರುವುದು. ಕ್ಷಯರೋಗದ ರಿಫಾಂಪಿಸಿನ್ ಅದನ್ನು ತಗ್ಗಿಸಿದರೆ, ಮೆಟ್ರೊನಿಡಜೋಲ್ ಏರಿಸುವುದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ ಜಠರದಲ್ಲಿ ರಕ್ತಸ್ರಾವಕ್ಕೆ ಹಾದಿಮಾಡುವುದು. ಆದಕಾರಣ ಸೊಪ್ಪನ್ನು ತ್ಯಜಿಸುವುದಲ್ಲ, ಒಂದೇ ಪ್ರಮಾಣದಲ್ಲಿ ಉಣ್ಣುವುದೇ ಯುಕ್ತ. ಭಾರತದಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ ಅಸೆನೊಕುಮರಾಲ್ ಎಂಬ ಸಜಾತೀಯ ಔಷಧಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಔಷಧ ಸೇವಿಸದ ಆರೋಗ್ಯವಂತರಲ್ಲಿ ಸುಮಾರು 1 ಇರುವ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲದ ಅಳತೆ) ಮಾನವನ್ನು ಸಾಮಾನ್ಯವಾಗಿ 2ರಿಂದ 3ರೊಳಗೂ, ಮೈಟ್ರಲ್ ಸ್ಥಾನದ ಲೋಹಕವಾಟವುಳ್ಳವರಲ್ಲಿ 2.5ರಿಂದ 3.5ರೊಳಗೂ ನಿಲ್ಲಿಸುವುದು ವಾಡಿಕೆ. ರಕ್ತಸ್ರಾವಕ್ಕೆ ಅಂಜಿ ರೋಗಿಯು ತಾನಾಗಿಯೇ ಮಾತ್ರೆ ಬಿಡುವುದು ಕವಾಟಕ್ಕೆ ಹೆಪ್ಪನ್ನು ಆಹ್ವಾನಿಸಿದಂತೆಯೇ ಸರಿ. ಹಾಗೆಯೇ, ಕ್ರಮ ತಪ್ಪದ ರಕ್ತಪರೀಕ್ಷೆಯ ವ್ಯವಸ್ಥೆಯಿಲ್ಲದೆ ಈ ಔಷಧವನ್ನು ಬರೆದುಕೊಡುವುದು ಚಿಕಿತ್ಸೆಯೆನಿಸದು.